ಡೆಸ್ಕಕ್ಕ ಮತ್ತು ಒಂದೇ ಬಾಗಿಲು

ಕಂಪನಿಗೆ ಸೇರಿದ ಮೊದಲ ಮೂರು ತಿಂಗಳು ನಾನು ಡೆಸ್ಕಕ್ಕನನ್ನು ಯಂತ್ರ ಎಂದುಕೊಂಡಿದ್ದೆ. ಯಂತ್ರದಂತೆ ದುಡಿಯುವ ಹೆಂಗಸು ಎಂಬ ಅರ್ಥದಲ್ಲಲ್ಲ. ನಿಜವಾದ ಯಂತ್ರ, ಪ್ಲಗ್ ಕಿತ್ತರೆ ಆರಿಹೋಗುವಂಥದ್ದು.

ಈ ತಪ್ಪಿನಲ್ಲಿ ಕಾಲು ಪಾಲು ಕಂಪನಿಯದು, ಮುಕ್ಕಾಲು ನನ್ನದು. ನಮ್ಮದು ಲಿಫ್ಟ್ ರಿಪೇರಿ ಮಾಡುವ ಕಂಪನಿ. ನನ್ನ ಸಂದರ್ಶನ ನಡೆದದ್ದು ಪರದೆಯ ಮೇಲೆ, ಕೆಲಸ ಕಲಿತದ್ದೂ ಪರದೆಯ ಮೇಲೆ. ಆಫೀಸಿನ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂಬುದು ಕೂಡ ನನಗೆ ಗೊತ್ತಿರಲಿಲ್ಲ. ಸೊಂಟದಿಂದ ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮಂಡಿಯಲ್ಲಿ ತೂತಾದ ಪೈಜಾಮ ಹಾಕಿಕೊಂಡು ಮಂಚದ ಮೇಲೆ ಕುಳಿತರೆ ಅದೇ ನನ್ನ ಆಫೀಸು.

ಪರದೆಯ ಮೂಲೆಯಲ್ಲಿ ‘ಸಹಾಯ’ ಎಂಬ ಸಣ್ಣ ಕಿಟಕಿಯಿತ್ತು. ಅದರ ಪಕ್ಕದ ಹಸಿರು ಚುಕ್ಕೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಮ್ಮೆಯೂ ಕಣ್ಣು ಮುಚ್ಚುತ್ತಿರಲಿಲ್ಲ. ಏನು ಕೇಳಿದರೂ ಐದು ಸೆಕೆಂಡಿನೊಳಗೆ ಉತ್ತರ. ‘ನಮಸ್ಕಾರ’ ಇಲ್ಲ, ‘ದಯವಿಟ್ಟು’ ಇಲ್ಲ. ‘ರಜೆ ಹಾಕುವುದು ಎಲ್ಲಿ?’ ಎಂದು ಕೇಳಿದರೆ ‘ಎಡಗಡೆ. ಕೆಳಗೆ. ಕಣ್ಣು ಬಿಟ್ಟು ನೋಡಿ’ ಎಂದು ಬರುತ್ತಿತ್ತು. ಇಷ್ಟು ಚುರುಕು, ಇಷ್ಟು ಒರಟು ಎರಡೂ ಒಬ್ಬ ಮನುಷ್ಯನಲ್ಲಿ ಇರಲಾರವು ಎಂದು ತೀರ್ಮಾನಿಸಿದೆ. ಪರೀಕ್ಷೆಗೆಂದು ಒಂದು ಮಧ್ಯಾಹ್ನ ‘ಹದಿನೇಳು ಹತ್ತೊಂಬತ್ತಲಿ ಎಷ್ಟು?’ ಎಂದು ಕೇಳಿದೆ. ‘323’ ಎಂದು ಬಂತು. ‘ಒಂದು ಜೋಕು ಹೇಳು’ ಎಂದೆ. ‘ನಿಮ್ಮ ಹಾಜರಾತಿ’ ಎಂದು ಬಂತು.

ಆಮೇಲೆ ನನಗೆ ಸಲಿಗೆ ಬೆಳೆಯಿತು. ಒಬ್ಬ ಹುಡುಗಿಗೆ ಬರೆದಿದ್ದ ಸಂದೇಶವನ್ನು ಮೊದಲು ಅದಕ್ಕೆ ತೋರಿಸಿದೆ. ‘ಉದ್ದ ಆಯ್ತು. ಕಳಿಸಬೇಡಿ’ ಎಂದಿತು. ಕಳಿಸಲಿಲ್ಲ. ಕೊನೆಗೆ ಕಂಪನಿಯ ಸಲಹಾಪೆಟ್ಟಿಗೆಗೆ ಒಂದು ಪುಟ ಬರೆದೆ: ‘ನಮ್ಮ ಸಹಾಯಯಂತ್ರ ಚುರುಕಾಗಿದೆ. ಆದರೆ ಅದಕ್ಕೆ ಸ್ವಲ್ಪ ವಿನಯ ತುಂಬಿಸುವ ಅಗತ್ಯವಿದೆ.’ ಸಲಹಾಪೆಟ್ಟಿಗೆ ತೆರೆಯುವವರು ಯಾರೆಂದು ನನಗೇನು ಗೊತ್ತು? ಐದು ಸೆಕೆಂಡಿನಲ್ಲಿ ಉತ್ತರ ಬಂತು: ‘ತಲುಪಿದೆ. ತುಂಬಿಸ್ತೀವಿ.’

ಆ ತಿಂಗಳ ಕೊನೆಯ ವಿಡಿಯೊ ಮೀಟಿಂಗಿನಲ್ಲಿ ನಮ್ಮ ದೊಡ್ಡವರು, ಅಂದರೆ ಕಂಪನಿಯ ಮ್ಯಾನೇಜರು, “ಸಹಾಯದ ಡೆಸ್ಕಿಂದ ಅಕ್ಕ ಇದಾರೆ, ಮಾತಾಡಿ ಅಕ್ಕ” ಎಂದರು. ಒಂದು ಚೌಕದಲ್ಲಿ ಕನ್ನಡಕ ಹಾಕಿದ, ನೆರೆಗೂದಲಿನ ಹೆಂಗಸೊಬ್ಬರು ಕಾಣಿಸಿಕೊಂಡರು. ಅವರು ಎಲ್ಲ ಮುಖಗಳ ಮೇಲೂ ಒಮ್ಮೆ ಕಣ್ಣಾಡಿಸಿ ನೇರವಾಗಿ ಕೇಳಿದರು:

“ಹದಿನೇಳು ಹತ್ತೊಂಬತ್ತು ಯಾರಪ್ಪ ನಿಮ್ಮಲ್ಲಿ?”

ನಾನು ಕ್ಯಾಮೆರಾ ಆರಿಸಿದೆ. ತಡವಾಗಿತ್ತು.

ನಾಚಿಕೆ ಹೇಗೂ ಆಯಿತು, ಅದರ ಫಲವಾಗಿ ಒಂದು ಕೆಲಸವೂ ಗಂಟುಬಿತ್ತು. ಸಲಹಾಪೆಟ್ಟಿಗೆಯ ನನ್ನ ಪುಟ ಓದಿದ ದೊಡ್ಡವರು, ಇವನಿಗೆ ಇಂಥ ವಿಷಯದಲ್ಲಿ ತಲೆ ಓಡುತ್ತದೆ ಎಂದು ತಪ್ಪು ತಿಳಿದುಕೊಂಡರು. (ನಮ್ಮ ಕಂಪನಿಯಲ್ಲಿ ತಪ್ಪು ತಿಳಿದುಕೊಳ್ಳುವುದು ನನ್ನೊಬ್ಬನ ಗುತ್ತಿಗೆಯೇನಲ್ಲ.) ಅವರ ತಲೆನೋವು ನಿಜವಾದದ್ದೇ. ನಮ್ಮಲ್ಲಿ ಸುಮಾರು ನೂರಿಪ್ಪತ್ತು ಜನ. ಅರವತ್ತು ಮಂದಿ ಮೆಕ್ಯಾನಿಕ್‌ಗಳು ಇಡೀ ದಿನ ಬೀದಿಯಲ್ಲಿ. ಉಳಿದವರು ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ. ಕೆಲವರು ಪೂರ್ತಿ ಮನೆ. ಹಾಜರಾತಿ ಒಂದು ಆ್ಯಪಿನಲ್ಲಿ, ರಜೆ ಇನ್ನೊಂದರಲ್ಲಿ, ದೂರುಗಳು ಮತ್ತೊಂದರಲ್ಲಿ, ಬಿಡಿಭಾಗಗಳ ಪಟ್ಟಿ ‘ಕೊನೆಯದು-ಹೊಸದು-ಇದೇ-ಸರಿ’ ಎಂಬ ಹೆಸರಿನ ಕಡತದಲ್ಲಿ. ಎಣಿಸಿದರೆ ಹದಿಮೂರು ಕಿಟಕಿಗಳು. ಹದಿಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡು. ಯಾವ ಪಾಸ್‌ವರ್ಡು ಮರೆತರೂ ಕೇಳಬೇಕಾದದ್ದು ಡೆಸ್ಕಕ್ಕನನ್ನು.

“ಎಲ್ಲಾ ಒಂದೇ ಕಡೆ ಬರ್ಬೇಕು. ಮನೇಲಿರೋನು, ಆಫೀಸಲ್ಲಿರೋನು, ಲಿಫ್ಟಿನ ಗುಂಡೀಲಿರೋನು, ಎಲ್ರಿಗೂ ಒಂದೇ ಬಾಗ್ಲು” ಎಂದರು ದೊಡ್ಡವರು. ಹೆಸರು ಅಲ್ಲೇ ಹುಟ್ಟಿತು: ‘ಒಂದೇ ಬಾಗಿಲು’. ಹೊರಗಿನ ಒಂದು ತಂಡ ತಂತ್ರಾಂಶ ಕಟ್ಟುವುದು, ನಾನು ಅವರಿಗೆ ನಮ್ಮ ಕೆಲಸದ ರೀತಿ ವಿವರಿಸುವುದು ಎಂದಾಯಿತು. ನಮ್ಮ ಕೆಲಸದ ರೀತಿ ನನಗೇ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

“ಡೆಸ್ಕಕ್ಕನ ಹತ್ರ ಹೋಗು. ಅವರ ತಲೇಲಿರೋದೆಲ್ಲ ಬರ್ಕೊಂಡು ಬಾ” ಎಂದ ದೊಡ್ಡವರು, ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದರು. “ಬಾಗ್ಲು ಶುರುವಾದ್ಮೇಲೆ ಸಹಾಯದ ಡೆಸ್ಕು ಬೇಕಾಗಲ್ಲ. ಅಕ್ಕನ್ನ ಆಫೀಸಿನ ರಿಸೆಪ್ಷನ್‌ಗೆ ಹಾಕೋಣ ಅಂತಿದೀನಿ. ದಿನಾ ಬರ್ಬೇಕಾಗುತ್ತೆ. ಆಗಲ್ಲ ಅಂದ್ರೆ ಬೇಗ ರಿಟೈರ್ ಆಗ್ಬೋದು. ನೀನೇ ನಿಧಾನಕ್ಕೆ ಹೇಳು, ನಿನ್ ಕಂಡ್ರೆ ಅವರಿಗೆ ಇಷ್ಟ.”

ನನ್ನನ್ನು ಕಂಡರೆ ಅವರಿಗೆ ಇಷ್ಟ ಎಂಬುದು ಯಾವ ಪುರಾವೆಯೂ ಇಲ್ಲದ ಸುದ್ದಿ.

ಲಿಫ್ಟ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ದುಡಿದ ಹೆಂಗಸು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಇರುತ್ತಾರೆ. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಐವತ್ನಾಲ್ಕು ಮೆಟ್ಟಿಲು. ನಲವತ್ತರ ಹೊತ್ತಿಗೆ ನನ್ನ ಉಸಿರು ನನಗಿಂತ ಒಂದು ಮಹಡಿ ಕೆಳಗಿತ್ತು. ಬಾಗಿಲು ತೆರೆದವರೇ ಎಡಮಂಡಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಡೆಸ್ಕಕ್ಕ.

“ಇಪ್ಪತ್ನಾಲ್ಕು ವಯಸ್ಸಿಗೇ ಹಿಂಗೆ ಏದುಸಿರು ಬಿಡ್ತೀಯಲ್ಲೋ. ನಾನೇ ವಾಸಿ, ಐವತ್ತಾರು ನಂಗೆ. ಬಾ, ಕೂತ್ಕೋ. ಮೊದ್ಲು ನೀರು ಕುಡಿ.”

ಚಿಕ್ಕ ಮನೆ. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಸಂಜೆಗೇ ಮನೆಗೆ ಬರುವುದು. ಗೋಡೆಯ ಮೇಲೆ ಏಳು ಗಡಿಯಾರಗಳಿದ್ದವು; ಏಳರಲ್ಲೂ ಏಳು ಸಮಯ. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಕಂಪ್ಯೂಟರು, ದೂರಿನ ನಂಬರಿನ ಹಳೆಯ ಫೋನು, ಗೆರೆ ಎಳೆದ ಒಂದು ನೋಟ್‌ಪುಸ್ತಕ. ಒಳಕೋಣೆಯಲ್ಲಿ ಅವರ ಅತ್ತೆ, ಎಂಬತ್ತು ದಾಟಿದವರು, ಕುರ್ಚಿಯಲ್ಲಿ ಕುಳಿತಿದ್ದರು. ಬಾಗಿಲಿನ ಸಂದಿಯಿಂದ ಅವರ ಪಾದಗಳು ಮಾತ್ರ ಕಾಣುತ್ತಿದ್ದವು.

ಡೆಸ್ಕಕ್ಕ ಕಂಪನಿಗೆ ಬಂದಾಗ ಟೆಲಿಫೋನ್ ಆಪರೇಟರ್. ಆಗ ಅವರ ಜಾಗ ಮೆಟ್ಟಿಲ ಕೆಳಗೆ. ಎದ್ದು ನಿಂತರೆ ತಲೆ ತಗಲುತ್ತಿತ್ತಂತೆ. “ಅದ್ಕೇ ಕೂತೇ ಇರೋ ಅಭ್ಯಾಸ ಆಯ್ತು” ಎಂದರು. ಫೋನಿನಲ್ಲಿ ‘ಹಲೋ’ ಎಂದವರಲ್ಲ. ಅದು ಹೊತ್ತು ಹಾಳು. ಲಿಫ್ಟಿನಲ್ಲಿ ಸಿಕ್ಕಿಕೊಂಡವನಿಗೆ ಹಲೋ ಬೇಕಿಲ್ಲ. ‘ಹೇಳಿ’ ಎನ್ನುವುದು. ಆ ‘ಹೇಳಿ’ ಕೇಳಿ ಅಳು ನಿಲ್ಲಿಸಿದ ಮಕ್ಕಳಿದ್ದಾರೆ, ಜಗಳ ನಿಲ್ಲಿಸಿದ ಗಂಡಹೆಂಡಿರಿದ್ದಾರೆ. ಮಂಡಿ ಸವೆದ ಮೇಲೆ, ಎಂಟು ವರ್ಷದಿಂದ, ಮನೆಯಿಂದಲೇ ಕೆಲಸ. ನಾವೆಲ್ಲ ಮನೆಯಿಂದ ಕೆಲಸ ಮಾಡುವುದನ್ನು ಹೊಸ ನಾಗರಿಕತೆ ಎಂಬಂತೆ ಆಡುತ್ತಿದ್ದಾಗ ಅವರು ಅದರಲ್ಲಿ ಹಳಬರಾಗಿದ್ದರು.

ನಾನು ಪ್ರಶ್ನೆಗಳ ಪಟ್ಟಿ ತೆಗೆದೆ. ಅವರು ಉತ್ತರ ಹೇಳುತ್ತಾ, ಪರದೆ ನೋಡದೆ ಯಾರಿಗೋ ಪಾಸ್‌ವರ್ಡು ಕಳಿಸುತ್ತಾ, ನನ್ನ ಲೋಟಕ್ಕೆ ಕಾಫಿ ಬಗ್ಗಿಸುತ್ತಾ ಇದ್ದರು. ಮಧ್ಯೆ ಹಳೆಯ ಫೋನು ಒಮ್ಮೆ ಕುಯ್‌ಗುಟ್ಟಿ ನಿಂತಿತು. ಅವರು ಎತ್ತಲಿಲ್ಲ.

“ಒಂದು ಕಣೇ!” ಎಂದು ಒಳಗಿನಿಂದ ಅತ್ತೆ ಕೂಗಿದರು.

ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಬಡಿದು ನಿಂತಿತು, ತಕ್ಷಣವೇ ಇನ್ನೊಮ್ಮೆ.

“ಎರಡಾಯ್ತು!”

“ಅಕ್ಕ, ಕುಕ್ಕರ್ ನೋಡ್ಕೊಂಡ್ ಬನ್ನಿ, ನಾನು ಕಾಯ್ತೀನಿ” ಎಂದೆ, ಮನೆಗೆಲಸ ಬಲ್ಲವನಂತೆ.

ಡೆಸ್ಕಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಗಳಿಗೆ ನೋಡಿದರು. “ಇರ್ಲಿ, ಇನ್ನೊಂದಾಗ್ಲಿ” ಎಂದು ನೋಟ್‌ಪುಸ್ತಕದಲ್ಲಿ ಏನೋ ಗೀಟು ಹಾಕಿದರು.

“ಮತ್ತೆ ಈ ಫೋನಿಗೆ ಯಾರೋ ಕಾಟ ಕೊಡ್ತಿದಾರಲ್ಲ? ರಿಂಗ್ ಮಾಡೋದು, ಕಟ್ ಮಾಡೋದು. ಆ ನಂಬರ್‌ಗಳನ್ನೆಲ್ಲ ಬ್ಲಾಕ್ ಮಾಡ್ಕೊಡ್ಲಾ?”

“ಬೇಡ ಬಿಡಪ್ಪ. ಪಾಪ, ಅವರಿಗೂ ನನ್ ಬಿಟ್ರೆ ಇನ್ಯಾರಿದಾರೆ.”

ಒಂಟಿತನದ ಬಗ್ಗೆ ಏನೋ ಆಳವಾದ ಮಾತು ಹೇಳಿದರೆಂದು ನಾನು ತಲೆದೂಗಿದೆ. ಎದ್ದು ಬರುವಾಗ ಅಡುಗೆಮನೆಯ ಒಲೆ ಕಣ್ಣಿಗೆ ಬಿತ್ತು. ಅದರ ಮೇಲೆ ಕುಕ್ಕರೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ಕಂಡರೂ ಕಾಣದಿರುವುದು ಒಂದು ವರ. ನನಗೆ ಅದು ಧಾರಾಳವಾಗಿ ಸಿಕ್ಕಿದೆ.

ಹೀಗೆ ನಾಲ್ಕು ಸಲ ಹೋದೆ. ಇನ್ನೂರ ಹನ್ನೆರಡು ಪ್ರಶ್ನೆ ಕೇಳಿದೆ, ಇನ್ನೂರ ಹನ್ನೆರಡಕ್ಕೂ ಉತ್ತರ ಸಿಕ್ಕಿತು. ಯಾವ ಕಟ್ಟಡದ ಕಾವಲುಗಾರನಿಗೆ ಕಿವಿ ಮಂದ, ಯಾವ ಲಿಫ್ಟು ಚಳಿಗೆ ಮುನಿಸಿಕೊಳ್ಳುತ್ತದೆ, ಯಾವ ಬಿಡಿಭಾಗ ಯಾವ ಕಪಾಟಿನ ಹಿಂದೆ ಬಿದ್ದಿದೆ, ಎಲ್ಲ. ಹೇಳಬೇಕಿದ್ದ ಮಾತನ್ನು ಮಾತ್ರ ಮೂರು ಸಲವೂ ಕಾಫಿಯ ಜೊತೆ ನುಂಗಿಕೊಂಡು ಬಂದಿದ್ದೆ. ನಾಲ್ಕನೆಯ ಸಲ ಹೊಸ್ತಿಲ ಬಳಿ ನಿಂತು, “ಅಕ್ಕ, ಇನ್ನೊಂದು ವಿಷ್ಯ...” ಎಂದು ತಡವರಿಸಿದೆ.

“ರಿಸೆಪ್ಷನ್ ತಾನೆ? ಗೊತ್ತು.”

“ಯಾರ್ ಹೇಳಿದ್ರು?”

“ದೊಡ್ಡವರೇ. ಆ ಕಾಗದ ಬರೆದು ‘ಸಹಾಯ’ಕ್ಕೆ ಕಳಿಸಿದ್ರು, ನೆಟ್ಟಗೆ ಜೋಡಿಸಿಕೊಡಿ ಅಂತ. ಈ ಕಡೆ ಕೂತಿರೋಳು ನಾನೇ ಅಂತ ಮರ್ತಿರ್ಬೇಕು. ಮೂರು ತಪ್ಪಿತ್ತು, ತಿದ್ದಿ ಕಳಿಸ್ದೆ.”

ನಾನು ನಗಬೇಕೋ ಬೇಡವೋ ತಿಳಿಯದೆ ಚಪ್ಪಲಿ ನೋಡುತ್ತ ನಿಂತೆ. ಅವರು ಮಂಡಿಯ ಪಟ್ಟಿಯನ್ನು ಬಿಗಿ ಮಾಡಿಕೊಂಡರು.

“ದಿನಾ ಐವತ್ನಾಲ್ಕು ಇಳಿದು ಐವತ್ನಾಲ್ಕು ಹತ್ತೋಕೆ ಈ ಮಂಡಿ ಒಪ್ಪಲ್ಲ ಕಣೋ. ಅತ್ತೇನ ಒಬ್ರನ್ನೇ ಬಿಟ್ಟು ಹೋಗೋ ಹಾಗೂ ಇಲ್ಲ. ಇನ್ನು ನಾಲ್ಕು ವರ್ಷ ಇದೆ ನಂಗೆ. ಅಷ್ಟು ದಿನ ಈ ಕುರ್ಚೀಲಿ ಕೂತ್ಕೊಂಡ್ರೆ ಸಾಕು. ಅದ್ರ ಮೇಲೆ ಒಂದ್ ದಿನಾನೂ ಕೇಳಲ್ಲ.” ಬಾಗಿಲ ಚಿಲಕಕ್ಕೆ ಕೈ ಹಾಕಿ, “ನೀನ್ ಕೇಳಿದ್ದಕ್ಕೆಲ್ಲ ಹೇಳಿದೀನಿ. ಬರ್ಕೊಂಡಿದೀಯ ತಾನೆ?” ಎಂದರು.

“ಒಂದೂ ಬಿಡದೆ ಅಕ್ಕ.”

ಆ ಕಡತಕ್ಕೆ ನಾನು ‘ಸಂಪೂರ್ಣ ಜ್ಞಾನ’ ಎಂದು ಹೆಸರಿಟ್ಟಿದ್ದೆ.

‘ಒಂದೇ ಬಾಗಿಲು’ ತೆರೆದದ್ದು ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಹದಿಮೂರು ಕಿಟಕಿ ಮುಚ್ಚಿದವು. ದೂರಿನ ನಂಬರನ್ನು ಡೆಸ್ಕಕ್ಕನ ಮನೆಯಿಂದ ಬಿಡಿಸಿ ಹೊಸ ವ್ಯವಸ್ಥೆಗೆ ಜೋಡಿಸಿದೆವು. ಅದರಲ್ಲಿ ನನ್ನ ಸ್ವಂತ ಬುದ್ಧಿಯ ಒಂದು ಅಂಶವೂ ಇತ್ತು. ಒಂದು ಕರೆಯೂ ವ್ಯರ್ಥವಾಗಬಾರದು. ಯಾರಾದರೂ ರಿಂಗ್ ಮಾಡಿ, ಎತ್ತುವ ಮೊದಲೇ ಕಟ್ ಮಾಡಿದರೆ, ಪಾಪ, ಲಿಫ್ಟಿನಲ್ಲಿ ಸಿಕ್ಕಿಕೊಂಡವರೇ ಇರಬೇಕು. ಆ ಫೋನು ಎಲ್ಲಿದೆಯೆಂದು ನೋಡಿ, ಅಲ್ಲಿಗೆ ಹತ್ತಿರದ ಲಿಫ್ಟಿನ ಹೆಸರಿನಲ್ಲಿ ದೂರು ಬರೆದುಕೊಂಡು, ಹತ್ತಿರದ ಮೆಕ್ಯಾನಿಕ್‌ನನ್ನು ಅಲ್ಲಿಗೆ ಅಟ್ಟುವುದು. ಇದನ್ನು ವಿವರಿಸಿದಾಗ ದೊಡ್ಡವರು ನನ್ನ ಬೆನ್ನು ತಟ್ಟಿದ್ದರು. ಜೊತೆಗೆ ವಿನಯವನ್ನೂ ತುಂಬಿಸಿದ್ದೆ, ಹೊಟ್ಟೆ ತುಂಬ.

ನಮಗೆ ದಿನಕ್ಕೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ದೂರು ಬರುತ್ತವೆ. ಒಂಬತ್ತೂವರೆಗೆ ನಲವತ್ತು ಬಂದವು. ಹತ್ತಕ್ಕೆ ನೂರು ದಾಟಿದವು. “ಜನ ಎಷ್ಟು ಬೇಗ ಒಗ್ಗಿಕೊಂಡಿದಾರೆ ನೋಡಿ ಸಾರ್” ಎಂದೆ. ಹತ್ತೂವರೆಗೆ ನೂರ ಎಂಬತ್ತಾದಾಗ ನಾನು ದೂರುಗಳ ಪಟ್ಟಿ ತೆರೆದೆ. ನೋಡಿದರೆ, ರಿಪೇರಿಯಾದ ಲಿಫ್ಟುಗಳ ಮೇಲೇ ಮತ್ತೆ ಮತ್ತೆ ದೂರು.

“ಐದನೇ ಮಹಡೀಲಿ ಆ ತಂತ್ರಾಂಶದೋರು ಕೂತಿದಾರಲ್ಲ, ನಡಿ ಕೇಳೋಣ” ಎಂದು ದೊಡ್ಡವರು ಎದ್ದರು. ಇಬ್ಬರೂ ಆಫೀಸಿನ ಲಿಫ್ಟು ಹತ್ತಿದೆವು. ಅದು ಎರಡಕ್ಕೂ ಮೂರಕ್ಕೂ ನಡುವೆ ಒಮ್ಮೆ ನಿಟ್ಟುಸಿರು ಬಿಟ್ಟು ನಿಂತಿತು. ದೀಪ ಆರಿತು.

ಕತ್ತಲಲ್ಲಿ ದೊಡ್ಡವರ ದನಿ ಬಂತು: “ಇದನ್ನೀಗ ಯಾರಿಗೆ ಹೇಳ್ಬೇಕು?”

“ಒಂದೇ ಬಾಗ್ಲಿಗೆ ಸಾರ್.”

ಅವರು ಫೋನು ತೆಗೆದು ಒಂದೇ ಬೆರಳಲ್ಲಿ ಟೈಪಿಸಿದರು. ಉತ್ತರವನ್ನು ಗಟ್ಟಿಯಾಗಿ ಓದಿದರು: “‘ನಮಸ್ಕಾರ! ತಾವು ನಮ್ಮನ್ನು ನೆನೆದದ್ದು ನಮ್ಮ ಭಾಗ್ಯ. ತಮ್ಮ ಸರದಿ ಸಂಖ್ಯೆ ನೂರ ಎಂಬತ್ತೆಂಟು. ಈ ಉತ್ತರ ತಮಗೆ ಸಂತೋಷ ತಂದಿತೇ?’ ಕೆಳಗೆ ಐದು ನಕ್ಷತ್ರ ಇದೆ ಕಣೋ. ಎಷ್ಟು ಒತ್ಲಿ?”

ನಾನು ಡೆಸ್ಕಕ್ಕನ ಸ್ವಂತ ನಂಬರಿಗೆ ಫೋನು ಮಾಡಿ, ದೊಡ್ಡವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

“ಹೇಳಿ.”

ನಿಜ ಹೇಳುತ್ತೇನೆ, ಆ ಒಂದು ಮಾತಿಗೆ ಅಳು ನಿಲ್ಲಿಸಿದ ಮಕ್ಕಳು ನನಗೆ ಅರ್ಥವಾದರು. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೇವೆ ಎಂದೆ.

“ಯಾವ್ದು?”

“ನಮ್ಮ ಆಫೀಸಿಂದೇ. ಎರಡ್ರಿಂದ ಮೂರಕ್ಕೆ ಹೋಗ್ತಾ ನಿಂತೋಯ್ತು.”

“ಜೊತೇಲಿ ಯಾರಿದಾರೆ?”

“ದೊಡ್ಡವರು.”

ಆ ಕಡೆ ನೋಟ್‌ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು. “ಸರಿ. ಇಬ್ರೂ ಕೆಳಗೆ ಕೂತ್ಕೊಳ್ಳಿ. ಬಾಗ್ಲು ಎಳೀಬೇಡಿ, ಅದಕ್ಕೆ ಒರಗಲೂಬೇಡಿ. ಉದ್ದಣ್ಣ ನಿಮ್ ತಲೆ ಮೇಲೇ ಇದಾನೆ.”

ಉದ್ದಣ್ಣ ಎಂದರೆ ನಮ್ಮ ಹಿರಿಯ ಮೆಕ್ಯಾನಿಕ್, ಬಾಗದೆ ಯಾವ ಬಾಗಿಲೂ ದಾಟಲಾರದವನು. ಬೆಳಿಗ್ಗೆಯೇ ಬಂದು ಆಫೀಸಿನ ಲಿಫ್ಟನ್ನು ಸರಿ ಮಾಡಿ ಹೋಗಿದ್ದನಂತೆ. ಒಂದೇ ಬಾಗಿಲು ಅವನನ್ನು ಮತ್ತೆ ಅದೇ ಲಿಫ್ಟಿಗೆ ಕಳಿಸಿತು. ಬಂದು ನೋಡಿದ, ಲಿಫ್ಟು ಸರಿಯಾಗೇ ಇತ್ತು, ಹೋದ. ಮತ್ತೆ ಕಳಿಸಿತು. ನಾಲ್ಕನೆಯ ಸಲ ಅವನಿಗೆ ತನ್ನ ಮೇಲೇ ಅನುಮಾನ ಬಂದು, ಪೂರ್ತಿ ಬಿಚ್ಚಿ ನೋಡಿಯೇಬಿಡುತ್ತೇನೆಂದು ಛಾವಣಿಗೆ ಹತ್ತಿ, ಒಳಗೆ ಯಾರಿದ್ದಾರೆಂದು ನೋಡದೆ ಮೇನ್ ಸ್ವಿಚ್ ಆರಿಸಿದ್ದ.

“ಬೆಳಿಗ್ಗೆಯಿಂದ ನಲವತ್ತು ಜನ ಫೋನ್ ಮಾಡಿ ಅಳ್ತಿದಾರೆ ನಂಗೆ. ಸರಿ ಮಾಡಿದ್ ಲಿಫ್ಟನ್ನೇ ಮತ್ತೆ ಸರಿ ಮಾಡು ಅಂತಿದೆಯಂತೆ ನಿಮ್ ಬಾಗ್ಲು” ಎಂದರು ಡೆಸ್ಕಕ್ಕ. “ಅವರು ಮಿಸ್ಡ್ ಕಾಲ್ ಕೊಡ್ತಾರಲ್ಲ, ಅದನ್ನೆಲ್ಲ ದೂರು ಅಂತ ಬರ್ಕೊಳ್ತಿದೆ ಅದು.”

“ಯಾವ ಮಿಸ್ಡ್ ಕಾಲು?” ಎಂದು ದೊಡ್ಡವರೂ ನಾನೂ ಒಟ್ಟಿಗೇ ಕೇಳಿದೆವು.

“ಕೈತುಂಬ ಗ್ರೀಸು ಇರುತ್ತೆ, ಗುಂಡೀಲಿ ಇಂಟರ್ನೆಟ್ಟು ಸಿಗಲ್ಲ. ಅವರು ಎಲ್ಲಿ ಟೈಪ್ ಮಾಡ್ತಾರೆ? ಒಂದು ಸಲ ರಿಂಗ್ ಕೊಟ್ರೆ ತಲುಪಿದೀನಿ ಅಂತ. ಎರಡು ಕೊಟ್ರೆ ಲಿಫ್ಟು ಓಡ್ತು ಅಂತ. ಮೂರು ಕೊಟ್ರೆ ತೊಂದ್ರೆ ಇದೆ, ವಾಪಸ್ ಫೋನ್ ಮಾಡು ಅಂತ. ಇಪ್ಪತ್ತು ವರ್ಷದಿಂದ ಇದೇ ನಡ್ಕೊಂಡು ಬಂದಿದೆ. ನಾನು ಬೇರೆ ಕರೇಲಿದ್ರೆ ಅತ್ತೆ ಎಣಿಸ್ತಾರೆ.”

ಕುಕ್ಕರಿಲ್ಲದ ಒಲೆ ನನ್ನ ಕಣ್ಣಮುಂದೆ ಬಂತು. ಒಬ್ಬ ಮೆಕ್ಯಾನಿಕ್ ತಲುಪಿದೆನೆಂದರೆ ಒಂದು ದೂರು, ಸರಿಯಾಯಿತೆಂದರೆ ಇನ್ನೆರಡು. ಆ ದೂರಿಗೆ ಹತ್ತಿರದ ಮೆಕ್ಯಾನಿಕ್ ಅವನೇ. ಅವನು ಮತ್ತೆ ಹೋಗಿ ಮತ್ತೆ ತಲುಪಿದೆನೆಂದರೆ ಮತ್ತೊಂದು. ಅರವತ್ತು ಜನ ಗಾಣದೆತ್ತಿನಂತೆ ತಾವು ಸರಿ ಮಾಡಿದ ಲಿಫ್ಟುಗಳನ್ನೇ ಸುತ್ತುತ್ತಿದ್ದರು. ಗಾಣ ಹೂಡಿದವನು ಕತ್ತಲಲ್ಲಿ ಕುಳಿತಿದ್ದ.

“ಇದನ್ನ ಸರಿ ಮಾಡೋಕೆ ಎಷ್ಟು ಹೊತ್ತು ಬೇಕು ಅಕ್ಕ?” ದೊಡ್ಡವರ ದನಿ ಮೆತ್ತಗಾಗಿತ್ತು.

“ಹತ್ತು ನಿಮಿಷ. ನಂಬರ್ ವಾಪಸ್ ನನ್ ಫೋನಿಗೆ ಹಾಕ್ಸಿ.”

“ಹಾಕ್ಸೋಣ, ಈಗ್ಲೇ ಹಾಕ್ಸೋಣ.”

“ಆಮೇಲೆ ಆ ರಿಸೆಪ್ಷನ್ ಕಾಗದ...”

“ಅದಾ? ಅದು... ಬರೀ ಕರಡು ಅಕ್ಕ.”

“ಗೊತ್ತು. ನಾನೇ ತಿದ್ದಿದ್ದು. ಹಾಗಾದ್ರೆ ಇನ್ನೊಂದು ಕಾಗದ ನಾನೇ ಬರೆದು ಕಳಿಸ್ತೀನಿ, ರಿಟೈರ್ ಆಗೋವರೆಗೂ ಮನೆಯಿಂದಲೇ ಅಂತ. ಸೈನ್ ಮಾಡಿದ್ರೆ ಸಾಕು ನೀವು. ಇರಿ, ಉದ್ದಣ್ಣಂಗೆ ಹೇಳ್ತೀನಿ.”

ದೀಪ ಹತ್ತಲು ಒಂದು ನಿಮಿಷ ಬೇಕಾಯಿತು. ಉದ್ದಣ್ಣ ಎಲ್ಲಿದ್ದಾನೆಂದು ಗೊತ್ತಿದ್ದೂ ಅವರು ಅವನಿಗೆ ಹೇಳುವ ಮೊದಲು ಕಾಗದದ ಮಾತು ಮುಗಿಸಿದರು ಎಂಬುದು ಹೊರಗೆ ಬಂದು ಗಾಳಿ ಕುಡಿದ ಮೇಲೆ ನನಗೆ ಹೊಳೆಯಿತು. ದೊಡ್ಡವರಿಗೆ ಹೊಳೆಯಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಒಂದೇ ಬಾಗಿಲು ಈಗಲೂ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಹಾಜರಾತಿ, ರಜೆ, ಬಿಡಿಭಾಗ ಎಲ್ಲ ಒಂದೇ ಕಡೆ. ಮೆಕ್ಯಾನಿಕ್‌ಗಳ ಮಿಸ್ಡ್ ಕಾಲುಗಳು ಡೆಸ್ಕಕ್ಕನ ಮೂರನೇ ಮಹಡಿಗೆ ಹೋಗುತ್ತವೆ. ಅವರು ಹಾಕಿದ ಗೀಟುಗಳು ಅಲ್ಲಿಂದ ಎಲ್ಲರ ಪರದೆಗೂ ಬರುತ್ತವೆ. ವಿನಯವನ್ನು ತೆಗೆಸಿದ್ದೇನೆ. ‘ಸಹಾಯ’ದ ಹಸಿರು ಚುಕ್ಕೆ ಹಿಂದಿನಂತೆಯೇ ಕಣ್ಣು ಮುಚ್ಚುವುದಿಲ್ಲ.

ಕಳೆದ ವಾರ ಹೊಸ ಫೋನು ಜೋಡಿಸಿಕೊಡಲು ಅವರ ಮನೆಗೆ ಹೋಗಿದ್ದೆ. ಅತ್ತೆ ಒಳಗಿನಿಂದ “ಬಂದ್ನೇನೇ ಕುಕ್ಕರ್ ಹುಡುಗ?” ಎಂದು ಕೇಳಿದರು. ದೊಡ್ಡವರು ಸಹಿ ಹಾಕಿದ ಕಾಗದ ಏಳು ಗಡಿಯಾರಗಳ ನಡುವೆ, ಚೌಕಟ್ಟಿನೊಳಗೆ ತೂಗುತ್ತಿತ್ತು. ಕಾಫಿ ಮುಗಿಯಿತು, ತಂತಿ ಸಿಕ್ಕಿಸಿಯಾಯಿತು, ಇನ್ನು ಏಳುವುದೊಂದೇ ಬಾಕಿ. ತಿಂಗಳಿಂದ ಗಂಟಲಲ್ಲಿದ್ದ ಪ್ರಶ್ನೆಯನ್ನು ಲೋಟ ಕೆಳಗಿಡುವ ನೆಪದಲ್ಲಿ ಹೊರಗೆ ಹಾಕಿದೆ.

“ಅಕ್ಕ, ತಪ್ಪು ತಿಳ್ಕೋಬೇಡಿ. ಆ ಮಿಸ್ಡ್ ಕಾಲ್ ವಿಷ್ಯ... ಬೇಕಂತಲೇ ಹೇಳಿರ್ಲಿಲ್ಲ ಅಲ್ವಾ ನೀವು?”

ಡೆಸ್ಕಕ್ಕ ತಲೆ ಎತ್ತಲಿಲ್ಲ. ನೋಟ್‌ಪುಸ್ತಕದಲ್ಲಿ ಒಂದು ಗೀಟು ಹಾಕಿದರು.

“ಹೌದು, ಬೇಕಂತಲೇ. ಅಂಥವು ಇನ್ನೂ ನಾಲ್ಕಿವೆ. ವರ್ಷಕ್ಕೊಂದು.”